ಕಡುನೀಲಿಯೋ, ಮಸಿನೀಲಿಯೋ, ನೀಲಿಗಪ್ಪೋ: ನಮ್ಮ ಮನೆಯ ಗೋಡೆಗೆ ಹಚ್ಚಿ ನೋಡಿದ ಹೋಲಿಕೆ

ಕಪ್ಪುನೀಲಿ ಬಣ್ಣದ ಕೋಣೆಗಳ ಚಿತ್ರಗಳು ಮೊಬೈಲ್‌ನಲ್ಲಿ ಕಣ್ಸೆಳೆಯುತ್ತವೆ. ಅವುಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಅಮೆರಿಕದ ಮನೆಗಳವು. ಗೋಡೆಯ ಮೇಲೆ ಫ್ಯಾರೋ ಆ್ಯಂಡ್ ಬಾಲ್ ಎಂಬ ಬಣ್ಣದ ಕಂಪನಿಯ ‘ಹೇಗ್ ಬ್ಲೂ’ ಅಥವಾ ‘ರೇಲಿಂಗ್ಸ್’, ಇಲ್ಲವೇ ಶೆರ್ವಿನ್ ವಿಲಿಯಮ್ಸ್ ಕಂಪನಿ 2020ರ ವರ್ಷದ ಬಣ್ಣವೆಂದು ಆರಿಸಿದ ‘ನೇವಲ್’ ಇರುತ್ತದೆ. ಬಣ್ಣ ಅದೇ ಸಿಗಬಹುದು, ಬೆಳಕು ಮಾತ್ರ ಅದಲ್ಲ. ಲಂಡನ್ 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿನ ಸೂರ್ಯ ತಗ್ಗಿನಲ್ಲೇ ಸಾಗಿ ಕೋಣೆಯ ಒಳಗಿನವರೆಗೂ ಕಿರಣ ಚಾಚುತ್ತಾನೆ. ಬೆಂಗಳೂರು 13 ಡಿಗ್ರಿಯಲ್ಲಿದೆ. ಇಲ್ಲಿ ಸೂರ್ಯ ನೆತ್ತಿಯ ಮೇಲೆ, ಕಿಟಕಿಗೆ ಸಜ್ಜಾ, ಅದರ ಕೆಳಗೆ ಗ್ರಿಲ್, ಅದಕ್ಕೂ ಒಳಗೆ ಸೊಳ್ಳೆ ಪರದೆ. ಕಿಟಕಿಯ ಬಳಿ ಕಣ್ಣು ಕುಕ್ಕುವ ಬಿಸಿಲಿದ್ದರೂ ನಾಲ್ಕು ಹೆಜ್ಜೆ ಒಳಗೆ ಬಂದರೆ ಮಬ್ಬು. ಹಾಗಾಗಿ ಚಿತ್ರಗಳನ್ನು ಬದಿಗಿಟ್ಟು ನಮ್ಮ ಗೋಡೆಗಳ ಮೇಲೆಯೇ ಹಚ್ಚಿ ನೋಡಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಯಾವ ಛಾಯೆ ಎಂಬುದಕ್ಕಿಂತ ಅದು ಮ್ಯಾಟ್‌ನಲ್ಲಿದೆಯೋ ಹೊಳಪಿನಲ್ಲಿದೆಯೋ, ಯಾವ ದೀಪದ ಕೆಳಗಿದೆಯೋ ಎಂಬುದೇ ದೊಡ್ಡದು.

ಛಾಯೆಗಳು ಮೂರು. ಮೊದಲನೆಯದು ಕಡುನೀಲಿ, ನೀಲಿಯೆಂದು ಯಾರೂ ಹೇಳಬಲ್ಲರು. ಎರಡನೆಯದು ಮಸಿನೀಲಿ, ಹಳೆಯ ಫೌಂಟನ್ ಪೆನ್ನಿನ ಬ್ಲೂ ಬ್ಲ್ಯಾಕ್ ಶಾಯಿಯಂಥದ್ದು. ಮೂರನೆಯದನ್ನು ನೀಲಿಗಪ್ಪು ಎನ್ನೋಣ. ಪಕ್ಕದಲ್ಲಿ ಅಪ್ಪಟ ಕಪ್ಪನ್ನು ಹಿಡಿದಾಗ ಮಾತ್ರ ಅದರೊಳಗಿನ ನೀಲಿ ತಿಳಿಯುತ್ತದೆ. ಬಣ್ಣ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂದು ತಿಳಿಸುವ ಎಲ್‌ಆರ್‌ವಿ ಎಂಬ ಅಂಕಿಯೊಂದಿದೆ. ಸೊನ್ನೆ ಎಂದರೆ ಪೂರ್ಣ ಕಪ್ಪು, 100 ಎಂದರೆ ಪೂರ್ಣ ಬಿಳಿ. ಈ ಮೂರೂ ಹತ್ತಕ್ಕಿಂತ ಕೆಳಗಿನವು. ಶೇಡ್ ಕಾರ್ಡಿನ ಬೆರಳಗಲದ ಚೌಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ದಪ್ಪ ಡ್ರಾಯಿಂಗ್ ಹಾಳೆಗೆ ಎರಡು ಕೋಟ್ ಹಚ್ಚಿ, ಅಂಚಿನಲ್ಲಿ ಬಿಳಿ ಬಿಡದೆ, ಒಂದೊಂದೇ ಗೋಡೆಗೆ ಅಂಟಿಸಿ ನೋಡಬೇಕು.

ಬೆಳಗಿನ ಬೆಳಕಿನಲ್ಲಿ ಕಡುನೀಲಿ ಸಂತೋಷವಾಗಿತ್ತು. ಮಧ್ಯಾಹ್ನ ಕಿಟಕಿಯೆದುರಿನ ಗೋಡೆಯಲ್ಲಿ ಅದೇ ಬಣ್ಣ ಶಾಲೆಯ ಸಮವಸ್ತ್ರವನ್ನು ನೆನಪಿಸುವಷ್ಟು ಚಪ್ಪಟೆಯಾಯಿತು. ಮಸಿನೀಲಿಯ ಆಟ ಬೇರೆ. ಹಗಲಿನಲ್ಲಿ ಕಪ್ಪಿನ ಕಡೆ ವಾಲಿದ್ದು ಮುಸ್ಸಂಜೆಯಲ್ಲಿ ನೀಲಿಯ ಕಡೆ ತಿರುಗುತ್ತದೆ. ಇದು ಭ್ರಮೆಯಲ್ಲ. ಬೆಳಕು ಕುಗ್ಗಿದಂತೆ ನಮ್ಮ ಕಣ್ಣು ಕೆಂಪಿಗೆ ಮಂಕಾಗಿ ನೀಲಿಗೆ ಚುರುಕಾಗುತ್ತದೆ. 19ನೇ ಶತಮಾನದಲ್ಲಿ ಇದನ್ನು ಗುರುತಿಸಿದ ವಿಜ್ಞಾನಿ ಪುರ್ಕಿನ್ಯೆಯ ಹೆಸರಿನಿಂದಲೇ ಈ ಪರಿಣಾಮವನ್ನು ಕರೆಯುತ್ತಾರೆ. ದೀಪ ಹಾಕುವ ಮುನ್ನಿನ ಆ ಸ್ವಲ್ಪ ಹೊತ್ತು ಕೆಂಪು ರೆಡ್ ಆಕ್ಸೈಡ್ ನೆಲ ಕಂದಾಗುತ್ತಾ ಗೋಡೆ ನೀಲಿಯಾಗುತ್ತಾ ಹೋಗುವುದನ್ನು ನೋಡಲೆಂದೇ ನಾನು ಹಾಲ್‌ನಲ್ಲಿ ಕೂರುತ್ತೇನೆ.

ದೀಪ ಹಾಕಿದೊಡನೆ ಲೆಕ್ಕ ಬದಲಾಗುತ್ತದೆ. 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಕೊಳವೆಯ ಕೆಳಗೆ ಮೂರೂ ಛಾಯೆಗಳು ತಮ್ಮ ನೀಲಿಯನ್ನು ಎತ್ತಿ ತೋರಿಸುತ್ತವೆ, ಜೊತೆಗೆ ಕೋಣೆ ತಣ್ಣಗೆ, ಕಚೇರಿಯಂತೆ ಕಾಣುತ್ತದೆ. 2700 ಅಥವಾ 3000 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ನೀಲಿಯ ಅಂಶವೇ ಕಡಿಮೆ. ನೀಲಿಗಪ್ಪು ಅಲ್ಲಿ ಬರೀ ಕಪ್ಪಾಗುತ್ತದೆ, ಮಸಿನೀಲಿ ಮಾತ್ರ ತನ್ನ ಬಣ್ಣವನ್ನು ಉಳಿಸಿಕೊಂಡು ಮೆತ್ತಗಾಗುತ್ತದೆ. ಹಳದಿ ದೀಪವನ್ನೇ ಇಷ್ಟಪಡುವ ಮನೆಗೆ ಮಸಿನೀಲಿಯೇ ಸರಿ. ಬಿಳಿ ಕೊಳವೆ ದೀಪವನ್ನು ಬದಲಿಸಲು ಮನೆಯವರು ಒಪ್ಪದಿದ್ದರೆ ನೀಲಿಗಪ್ಪಿಗೆ ಹೋಗಿ. ಅಷ್ಟು ಕಪ್ಪಿದ್ದರೇ ಆ ಬೆಳಕನ್ನು ತಡೆದುಕೊಳ್ಳುವುದು.

ನಮ್ಮ ಅತ್ತೆಯವರದು ಒಂದೇ ಮಾತು: “ದೇವರ ಮನೆಗೆ ಎದುರಾಗುವ ಗೋಡೆಗೆ ಕಪ್ಪು ಬೇಡಮ್ಮ.” ಆ ಗೋಡೆ ಕೆನೆಬಣ್ಣದಲ್ಲೇ ಉಳಿಯಿತು. ಅದು ನನಗೂ ಒಪ್ಪಿಗೆಯೇ. ಹಾಲ್‌ನಲ್ಲಿ ಒಂದು ಗೋಡೆ ಮಾತ್ರ ಕಪ್ಪಾಗಿ ಎದುರಿನದು ತಿಳಿಯಾಗಿದ್ದಾಗ ಕಣ್ಣಿಗೆ ಬಿಡುವು ಸಿಗುತ್ತದೆ.

ಇನ್ನು ಮ್ಯಾಟ್ ಮತ್ತು ಹೊಳಪು. ಇಲ್ಲಿ ನಾನು ಪಕ್ಷಪಾತಿ. ಒಂದೇ ಮಸಿನೀಲಿಯನ್ನು ಒಂದೇ ಗೋಡೆಯಲ್ಲಿ ಅರ್ಧ ಮ್ಯಾಟ್, ಅರ್ಧ ಹೊಳಪಿನ ಶೀನ್ ಎಮಲ್ಷನ್‌ನಲ್ಲಿ ಹಚ್ಚಿಸಿದೆ. ಸಂಜೆ ನಾಲ್ಕರ ಅಡ್ಡಬಿಸಿಲು ಗೋಡೆಯ ಮೈಗೆ ತಾಗಿಕೊಂಡು ಬಂದಾಗ ಶೀನ್ ಬದಿಯಲ್ಲಿ ಗೋಡೆಯ ಜಾತಕವೇ ಬಯಲಾಯಿತು: ಸ್ವಿಚ್ ಬೋರ್ಡಿನ ಸುತ್ತ ಪುಟ್ಟಿ ತುಂಬಿದ ಗುರುತು, ಹಳೆಯ ಮೊಳೆಯ ತೂತು ಮುಚ್ಚಿದ ಉಬ್ಬು, ರೋಲರ್ ತಿರುಗಿದ ಕಡೆ ಒಂದು ಗೆರೆ. ಉಪ್ಪುಕಾಗದ ಹಾಕಿ ಚೆನ್ನಾಗಿಯೇ ಉಜ್ಜಿದ ಗೋಡೆ ಅದು. ತಿಳಿ ಬಣ್ಣದಲ್ಲಿ ಇವು ಯಾವುವೂ ಕಾಣುತ್ತಿರಲಿಲ್ಲ. ಕಪ್ಪು ಮೈಯ ಮೇಲಿನ ಹೊಳಪು ಪ್ರತಿ ಏರಿಳಿತವನ್ನೂ ಎತ್ತಿ ತೋರಿಸುತ್ತದೆ. ಮ್ಯಾಟ್ ಬದಿ ಬೆಳಕನ್ನು ಹಾಗೆಯೇ ಕುಡಿದು ಸುಮ್ಮನಿತ್ತು. ಅದರ ದೋಷವೂ ಉಂಟು. ಕುರ್ಚಿಯ ಬೆನ್ನು ತಾಗಿದ ಕಡೆ ಮ್ಯಾಟ್ ಪಾಲಿಶ್ ಹಿಡಿದಂತೆ ಮಿರುಗತೊಡಗುತ್ತದೆ, ಉಗುರು ಗೀಚಿದರೆ ಬಿಳಿಚಿದ ಗೆರೆ ಬೀಳುತ್ತದೆ. ಆದ್ದರಿಂದ ಹಾಲ್‌ಗೆ, ಮಲಗುವ ಕೋಣೆಗೆ ಮ್ಯಾಟ್. ಊಟದ ಮೇಜಿನ ಪಕ್ಕಕ್ಕೆ, ಮಕ್ಕಳು ಓಡಾಡುವ ಓಣಿಗೆ ಅಲ್ಪ ಹೊಳಪಿನ, ತೊಳೆಯಬಹುದಾದ ಬಣ್ಣ, ಅದೂ ಪುಟ್ಟಿಯ ಕೆಲಸ ನಯವಾಗಿದ್ದರೆ ಮಾತ್ರ.

ಖರ್ಚಿನ ಬಗ್ಗೆ ಒಂದು ಮಾತು. ಬಿಳಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕೊಡುವುದು ಟೈಟಾನಿಯಂ ಡೈಆಕ್ಸೈಡ್. ಇಷ್ಟು ಗಾಢವಾದ ಛಾಯೆಗಳನ್ನು ಅದು ಇಲ್ಲದ, ಅಥವಾ ಬಹಳ ಕಡಿಮೆ ಇರುವ ಬೇಸ್‌ನಲ್ಲಿ, ಅಂದರೆ ವರ್ಣದ್ರವ್ಯ ಬೆರೆಸುವ ಮೂಲ ಬಣ್ಣದಲ್ಲಿ, ಕಲಸುತ್ತಾರೆ. ಅಂಗಡಿಯ ಯಂತ್ರ ಸುರಿಯುವ ನೀಲಿ, ಕಪ್ಪು ವರ್ಣದ್ರವ್ಯವೂ ಹೆಚ್ಚು. ಆದ್ದರಿಂದ ಲೀಟರಿನ ಬೆಲೆ ಏರುತ್ತದೆ, ಕೋಟ್‌ಗಳೂ ಹೆಚ್ಚು ಬೇಕಾಗುತ್ತವೆ. ಬಿಳಿ ಪ್ರೈಮರ್ ಬದಲು ಬೂದುಬಣ್ಣ ಬೆರೆಸಿದ ಪ್ರೈಮರ್ ಹಾಕಿಸಿ, ಒಂದು ಕೋಟ್ ಉಳಿಯಬಹುದು.

ಸುಣ್ಣದಲ್ಲೇ ಈ ಬಣ್ಣ ತರಬಹುದೇ? ಹಳೆಯ ಮನೆಗಳ ನೀಲಿ ಗೋಡೆಗಳನ್ನು ಪ್ರೀತಿಸುವ ನನಗೆ ಇದನ್ನು ಮಾಡಿ ನೋಡದೆ ಇರಲಾಗಲಿಲ್ಲ. ಸುಣ್ಣ ಕ್ಷಾರ. ಅದರಲ್ಲಿ ಅಲ್ಟ್ರಾಮರೀನ್ ನೀಲಿ ಬಾಳುತ್ತದೆ. ಪ್ರಷ್ಯನ್ ನೀಲಿ ಬಾಳದು, ಕ್ಷಾರಕ್ಕೆ ಕೆಟ್ಟು ಕಂದು ತಿರುಗುತ್ತದೆ. ಅಲ್ಟ್ರಾಮರೀನ್‌ಗೆ ಕಾಡಿಗೆಗಪ್ಪು ಬೆರೆಸಿ ಹಚ್ಚಿದಾಗ ಹಸಿಯಲ್ಲಿ ಗೋಡೆ ಬಯಸಿದಷ್ಟೇ ಕಪ್ಪುನೀಲಿ. ಒಣಗಿದ ಮೇಲೆ ಮಳೆಮೋಡದ ಬೂದುನೀಲಿ. ಸುಣ್ಣವೇ ಬಿಳಿಯಾದ್ದರಿಂದ ಅದಕ್ಕಿಂತ ಗಾಢಕ್ಕೆ ಅದು ಇಳಿಯುವುದಿಲ್ಲ. ಪುಡಿ ಹೆಚ್ಚಿಸಿದರೆ ಕೈಗೆ ಉದುರುತ್ತದೆ. ಅದು ತನ್ನಷ್ಟಕ್ಕೆ ಬಹಳ ಚೆಲುವಾದ ಬಣ್ಣ, ಆದರೆ ಈ ಸ್ಪರ್ಧೆಯದಲ್ಲ.

ಗೋಡೆಗೆ ಧೈರ್ಯ ಸಾಲದವರು ಕಿಟಕಿಯ ಗ್ರಿಲ್‌ನಿಂದ ಶುರು ಮಾಡಬಹುದು. ರೆಡ್ ಆಕ್ಸೈಡ್ ಪ್ರೈಮರ್ ಮೇಲೆ ನೀಲಿಗಪ್ಪು ಎನಾಮಲ್. ಬಿಳಿ ಗ್ರಿಲ್ ಬೆಳಕನ್ನು ಹಿಡಿದು ತಾನೇ ಮುಂದೆ ನಿಲ್ಲುತ್ತದೆ, ಕಪ್ಪಾದರೆ ಕಣ್ಣಿನಿಂದ ಸರಿದು ಹೊರಗಿನ ಹೊಂಗೆ ಮರವನ್ನು ಪೂರ್ತಿಯಾಗಿ ಬಿಟ್ಟುಕೊಡುತ್ತದೆ. ನಮ್ಮ ಮನೆಯಲ್ಲಿ ಕಡಿಮೆ ದುಡ್ಡಿಗೆ ಹೆಚ್ಚು ಬದಲಾವಣೆ ತಂದದ್ದು ಇದೇ. ಮುಂಬಾಗಿಲಿಗೆ ಮಾತ್ರ ಹಚ್ಚಲಿಲ್ಲ. ತೇಗದ ಮೈಯನ್ನು ಎನಾಮಲ್ಲಿನಲ್ಲಿ ಮುಚ್ಚಲು ನನ್ನ ಮನಸ್ಸು ಒಪ್ಪದು.

ಕಪ್ಪುನೀಲಿಯ ಮುಂದೆ ಏನಿಡಬೇಕು ಎಂಬುದಕ್ಕೆ ಧಾರವಾಡದ ಕಡೆಯ ಚಂದ್ರಕಾಳಿ ಸೀರೆಯನ್ನು ನೋಡಿದರೆ ಸಾಕು. ಆ ಕಪ್ಪಿನ ಮೇಲೆ ಕಸೂತಿಯ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಳೆಗಳು ಕೂಗದೆ ಬೆಳಗುತ್ತವೆ. ಗೋಡೆಯಲ್ಲೂ ಹಾಗೆಯೇ. ಹಲಸಿನ ಮರದ ಹಳೆಯ ಪೆಟ್ಟಿಗೆ ಅದರ ಮುಂದೆ ಜೇನಿನ ಬಣ್ಣಕ್ಕೆ ತಿರುಗಿತು. ಬೀಟೆಯ ಕುರ್ಚಿ ಕಾಣದಾಯಿತು; ಅದನ್ನು ಕೆನೆಬಣ್ಣದ ಗೋಡೆಗೆ ಸರಿಸಿದೆ. ಬೀದರಿನ ಹೂದಾನಿಯಲ್ಲಂತೂ ಕಪ್ಪು ಲೋಹ ಗೋಡೆಯಲ್ಲಿ ಕರಗಿ, ಬೆಳ್ಳಿಯ ಬಳ್ಳಿ ಮಾತ್ರ ಗಾಳಿಯಲ್ಲಿ ನಿಂತಂತೆ ತೋರುತ್ತದೆ.

ಮೂರು ಛಾಯೆಗಳಿಗೂ ಸಮಾನವಾದ ಎರಡು ತೊಂದರೆಗಳಿವೆ. ಒಂದು ಧೂಳು. ಸ್ಕರ್ಟಿಂಗ್‌ನ ಮೇಲೆ, ಫೋಟೋ ಚೌಕಟ್ಟಿನ ಸುತ್ತ ಬೂದು ಪುಡಿ ಎದ್ದು ಕಾಣುತ್ತದೆ. ಇನ್ನೊಂದು ತೇವ. ಬಚ್ಚಲಿಗೆ ಅಂಟಿದ ಅಥವಾ ಮಳೆನೀರು ಇಂಗುವ ಗೋಡೆಯಾದರೆ ತೇವದೊಂದಿಗೆ ಹೊರಬರುವ ಉಪ್ಪು ಕಪ್ಪಿನ ಮೇಲೆ ಬಿಳಿ ಬಿಳಿಯಾಗಿ ಮೂಡುತ್ತದೆ. ಅಂಥ ಗೋಡೆಯನ್ನು ಮೊದಲು ರಿಪೇರಿ ಮಾಡಿಸಿ, ಒಂದು ಮಳೆಗಾಲ ಕಾದು ನೋಡಿ ಆಮೇಲೆ ಹಚ್ಚಿ.

ಬೇಕಾದಷ್ಟು ಬಣ್ಣವನ್ನು ಒಮ್ಮೆಗೇ ಕಲಸಿಸಿ, ಡಬ್ಬಗಳೆಲ್ಲವನ್ನೂ ದೊಡ್ಡ ಬಕೆಟಿನಲ್ಲಿ ಸೇರಿಸಿ ತಿರುವಿ. ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಈ ಬಣ್ಣದಲ್ಲಿ ಅಡಗುವುದಿಲ್ಲ. ಉಳಿದದ್ದನ್ನು ಗಾಜಿನ ಭರಣಿಯಲ್ಲಿ ಬಿಗಿಯಾಗಿ ಮುಚ್ಚಿ, ಶೇಡ್ ಸಂಖ್ಯೆ ಬರೆದಿಡಿ. ಮ್ಯಾಟ್ ಗೋಡೆಗೆ ಗೀರು ಬಿದ್ದರೆ ಸಣ್ಣ ಬ್ರಷ್‌ನಲ್ಲಿ ತಟ್ಟಿದರೆ ಬಹುಮಟ್ಟಿಗೆ ಬೆರೆತುಹೋಗುತ್ತದೆ. ಶೀನ್ ಗೋಡೆಯಾದರೆ ಮೂಲೆಯಿಂದ ಮೂಲೆಯವರೆಗೆ ಮತ್ತೊಮ್ಮೆ ರೋಲರ್ ಎಳೆಸಲೇಬೇಕು.