ಮಾರ್ಚ್ ಪರೀಕ್ಷೆಗೆ ಟ್ಯೂಷನ್: ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಆದರೆ...

ಎಂಟನೇ ಕ್ಲಾಸಿನ ಮಗಳನ್ನು ವಾರ್ಷಿಕ ಪರೀಕ್ಷೆಗೆ ಮೊದಲು ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಟ್ಯೂಷನ್‌ಗೆ ಸೇರಿಸಿದ್ದೆವು. ಜನವರಿಯಿಂದ ಪರೀಕ್ಷೆ ಮುಗಿಯುವವರೆಗಿನ ಬ್ಯಾಚ್, ತಿಂಗಳಿಗೆ 700 ರೂಪಾಯಿ. ಹೆಸರು ಹಾಕುತ್ತಿಲ್ಲ. ಹೊಗಳುವುದರ ಜೊತೆ ಸ್ವಲ್ಪ ಬೈಯುವುದೂ ಇದೆ, ಊರು ಚಿಕ್ಕದು, ನಾಳೆ ಪೇಟೆಯಲ್ಲಿ ಮಾಸ್ಟ್ರ ಮುಖ ನೋಡಬೇಕಲ್ವಾ.

ಕಾಸರಗೋಡಿನಲ್ಲಿ ಟ್ಯೂಷನ್‌ಗೇನೂ ಬರಗಾಲ ಇಲ್ಲ. ಆದರೆ ಹೆಚ್ಚಿನ ಕಡೆ ಪಾಠ ಮಲಯಾಳದಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಕನ್ನಡ ಮೀಡಿಯಂ ಮಕ್ಕಳು ಬೆಳಿಗ್ಗೆ ಶಾಲೆಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನೇ ಸಂಜೆ ಮಲಯಾಳದಲ್ಲಿ ಕೇಳಿ, ಪರೀಕ್ಷೆಯಲ್ಲಿ ಮತ್ತೆ ಕನ್ನಡದಲ್ಲಿ ಬರೆಯಬೇಕು. ಮಾತು ಅರ್ಥ ಆಗುತ್ತದೆ, ಅದು ಬೇರೆ ವಿಷಯ. ಉತ್ತರ ಬರೆಯಲು ಕೂತಾಗ ತಡವರಿಸುತ್ತಾರೆ. ಇಲ್ಲಿ ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಕೇರಳದ ಕನ್ನಡ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಕಲಿಸುತ್ತಾರೆ. ನಾವು ಸೇರಿಸಿದ್ದೇ ಅದಕ್ಕೆ.

ಮೊದಲೆಲ್ಲ ಎಂಟನೇ ಕ್ಲಾಸಿನ ಪರೀಕ್ಷೆಗೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಹೇಗೂ ಒಂಬತ್ತಕ್ಕೆ ಹೋಗುತ್ತಾರೆ ಅಂತ. 2024-25ರಿಂದ ಕೇರಳದಲ್ಲಿ ಎಂಟನೆಯವರಿಗೆ ಪ್ರತಿ ವಿಷಯದ ಲಿಖಿತ ಪರೀಕ್ಷೆಯಲ್ಲೂ ಶೇ. 30 ಮಾರ್ಕ್ ಬೇಕು. ಬಾರದಿದ್ದರೆ ಆ ವಿಷಯಕ್ಕೆ ಏಪ್ರಿಲ್‌ನಲ್ಲಿ ಮತ್ತೆ ಕ್ಲಾಸು, ಮತ್ತೆ ಪರೀಕ್ಷೆ. ಇದನ್ನೇ ಹೇಳಿ ಹೆದರಿಸಿ ಮಕ್ಕಳನ್ನು ಸೇರಿಸಿಕೊಳ್ಳುವ ಟ್ಯೂಷನ್‌ಗಳೂ ಇವೆ. ಓಣಂ ಪರೀಕ್ಷೆಯಲ್ಲೂ (ಮೊದಲ ಟರ್ಮಿನದ್ದು) ಕ್ರಿಸ್ಮಸ್ ಪರೀಕ್ಷೆಯಲ್ಲೂ (ಎರಡನೆಯದ್ದು) ಪರವಾಗಿಲ್ಲ ಅನ್ನುವಷ್ಟು ಬರೆದ ಮಗುವಿಗೆ ಈ 30ರ ಭಯ ಬೇಡ.

ಈಗ ಒಳ್ಳೆಯದು ಹೇಳುತ್ತೇನೆ. ಇಲ್ಲಿ ಪಾಠ ಕಡಿಮೆ, ಬರೆಸುವುದು ಜಾಸ್ತಿ. ಶನಿವಾರ ಬೆಳಿಗ್ಗೆ ಪೂರ್ತಿ ಪೇಪರ್. ಮೊದಲ 15 ನಿಮಿಷ ಕೂಲ್ ಆಫ್ ಟೈಮ್, ಅಂದರೆ ಬರೆಯುವ ಮೊದಲು ಪ್ರಶ್ನೆ ಓದಿಕೊಳ್ಳುವ ಹೊತ್ತು, ಶಾಲೆಯಲ್ಲಿ ಇರುವ ಹಾಗೆಯೇ. ಆ ಹೊತ್ತಿನಲ್ಲಿ ಮಕ್ಕಳು ಸುಮ್ನೆ ಕಿಟಕಿ ನೋಡುತ್ತಾ ಕೂರುತ್ತಾರೆ, ನಮ್ಮವಳೂ ಹಾಗೆಯೇ. ಈ ಮಾಸ್ಟ್ರು ಎಲ್ಲರ ಪೆನ್ನನ್ನೂ ಮೇಜಿನ ತುದಿಯಲ್ಲಿ ಇಡಿಸಿ, ಪ್ರಶ್ನೆಪತ್ರಿಕೆಯನ್ನು ಕೊನೆಯಿಂದ ಮೊದಲಿಗೆ ಓದಿಸುತ್ತಾರೆ. ದೊಡ್ಡ ಪ್ರಶ್ನೆ ಮೊದಲೇ ಕಣ್ಣಿಗೆ ಬೀಳಲಿ ಅಂತ. ‘ಯಾವುದಾದರೂ ಮೂರಕ್ಕೆ ಉತ್ತರಿಸಿ’ ಅಂತ ಇದ್ದರೆ ಯಾವ ಮೂರು ಅಂತ ಬಾಯಲ್ಲಿ ಹೇಳಿಸುತ್ತಾರೆ. ಐದಕ್ಕೂ ಬರೆದು ಕೊನೆಗೆ ಟೈಮ್ ಸಾಲಲಿಲ್ಲ ಅನ್ನುವ ಮಕ್ಕಳು ಎಷ್ಟು ಜನ ಇದ್ದಾರೆ ಅಂತ ಟೀಚರುಗಳನ್ನೇ ಕೇಳಿ ನೋಡಿ.

ತಿದ್ದುವ ರೀತಿ ಇನ್ನೂ ಇಷ್ಟವಾಯಿತು. ಮಕ್ಕಳಿಗೆ ಏನು ಗೊತ್ತಿದೆ ಅಂತ ನೋಡಲು ಶುರುವಿನಲ್ಲಿ ಒಂದು ಪ್ರಶ್ನೆ ಕೊಟ್ಟಿದ್ದರು: ಶಾಲೆ ಬ್ಯಾಗಿನ ಪಟ್ಟಿ ಅಗಲವಾಗಿರುವುದು ಯಾಕೆ? ಮಗಳು ಒತ್ತಡ ಅಂದರೆ ಏನು ಅಂತ ಮುತ್ತಿನಂಥ ಅಕ್ಷರದಲ್ಲಿ ಬರೆದು, ಕೆಳಗೆ ಸ್ಕೇಲ್ ಇಟ್ಟು ಗೆರೆ ಬೇರೆ ಎಳೆದಿದ್ದಳು. ಬರೆದದ್ದರಲ್ಲಿ ತಪ್ಪಿಲ್ಲ. ಎರಡರಲ್ಲಿ ಅರ್ಧ ಮಾರ್ಕ್. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಬ್ಯಾಗ್ ಎಲ್ಲಿ ಹೋಯಿತು?’ ಅಷ್ಟೇ. ಸರಿಯುತ್ತರ ಬರೆದುಕೊಡಲಿಲ್ಲ. ಪಟ್ಟಿ ಅಗಲವಾದರೆ ಅದೇ ಭಾರ ಹೆಗಲ ಹೆಚ್ಚು ಜಾಗಕ್ಕೆ ಹಂಚಿಹೋಗಿ ಒತ್ತಡ ಕಡಿಮೆಯಾಗುತ್ತದೆ ಅಂತ ಅವಳೇ ಮನೆಯಲ್ಲಿ ಬ್ಯಾಗ್ ಹಾಕಿಕೊಂಡು, ತೆಗೆದು, ಯೋಚಿಸಿ ಬರೆದಳು. ಮರುದಿನ ತೋರಿಸಿ ಉಳಿದ ಮಾರ್ಕನ್ನೂ ವಸೂಲಿ ಮಾಡಿದಳು ಅನ್ನಿ! ಈಗಿನ ಪ್ರಶ್ನೆಗಳು ಹೆಚ್ಚಾಗಿ ಹೀಗೇ ತಿರುಚಿ ಬರುತ್ತವೆ, ಬಾಯಿಪಾಠ ಮಾಡಿದ್ದು ಅರ್ಧ ದಾರಿಯಲ್ಲೇ ಕೈಕೊಡುತ್ತದೆ.

ಇನ್ನು ಬೈಗುಳ. ಎಂಟನೆಯ ಪುಸ್ತಕ ಬದಲಾದದ್ದು 2025ರಲ್ಲಿ. 2, 4, 6, 8 ಮತ್ತು 10ಕ್ಕೆ ಆ ವರ್ಷ ಹೊಸ ಪುಸ್ತಕ ಬಂತು, 1, 3, 5, 7, 9ಕ್ಕೆ ಅದರ ಹಿಂದಿನ ವರ್ಷವೇ ಬಂದಿತ್ತು. ಆದರೂ ಇಲ್ಲಿ ಸಮಾಜದ ಕೆಲವು ಮಾದರಿ ಪೇಪರ್ ಹಳೆಯ ಪುಸ್ತಕದ್ದೇ ಜೆರಾಕ್ಸ್. ಇಲ್ಲದ ಪಾಠದ ಪ್ರಶ್ನೆ ನೋಡಿ ಮಕ್ಕಳು ಗಾಬರಿಯಾದರು. ಕೇಳಿದರೆ ‘ಜನರಲ್ ನಾಲೆಜ್ ಆಯಿತಲ್ಲ’ ಅಂದರು. ಇದಕ್ಕೆ ದುಡ್ಡು ಕೊಡಬೇಕಾ?

ಇನ್ನೊಂದು, ಪ್ರತಿ ಪೇಪರ್ ಆದಮೇಲೆ ಎಲ್ಲಾ ಮಕ್ಕಳ ಹೆಸರು, ಮಾರ್ಕು ವಾಟ್ಸಾಪ್ ಗ್ರೂಪಿಗೆ ಬರುತ್ತದೆ, ಜಾಸ್ತಿ ಬಂದವರು ಮೇಲೆ, ಕಡಿಮೆಯವರು ಕೆಳಗೆ. ಕೊನೆಯಲ್ಲಿ ಹೆಸರಿದ್ದ ಒಂದು ಹುಡುಗ ಫೆಬ್ರವರಿಯಲ್ಲಿ ಬರುವುದನ್ನೇ ನಿಲ್ಲಿಸಿದ. ಅವನ ಅಮ್ಮನೂ ಗ್ರೂಪ್ ಬಿಟ್ಟರು. ನಾವು ಇಬ್ಬರು ಮೂವರು ಸೇರಿ ಹೇಳಿದ ಮೇಲೂ ನಿಲ್ಲಿಸಲಿಲ್ಲ. ಹಿಂದಿಗೆ ಟೀಚರ್ ಇಲ್ಲ, ಸೇರುವಾಗ ಮಾತ್ರ ‘ಎಲ್ಲಾ ಸಬ್ಜೆಕ್ಟ್’ ಅಂದಿದ್ದರು. ರೂಮು ಸಣ್ಣದು, ಮಾರ್ಚ್ ಸೆಕೆಗೆ ಒಂದೇ ಫ್ಯಾನ್.

ದುಡ್ಡು ಕೊಡಲು ಕಷ್ಟ ಇದ್ದವರು ಕೇರಳ ಶಿಕ್ಷಣ ಇಲಾಖೆಯ ಸಮಗ್ರ ಪೋರ್ಟಲ್ ನೋಡಿ, ಕನ್ನಡ ಮೀಡಿಯಂ ಪಠ್ಯಪುಸ್ತಕ ಅಲ್ಲಿ ಪುಕ್ಕಟೆ ಸಿಗುತ್ತದೆ. ಮಂಗಳೂರು, ಪುತ್ತೂರಿನಿಂದ ಗೈಡ್ ತರಬೇಡಿ. ಕನ್ನಡದಲ್ಲೇ ಇರುತ್ತದೆ ನಿಜ, ಆದರೆ ಅದು ಕರ್ನಾಟಕದ ಸಿಲೆಬಸ್, ಪಾಠವೇ ಬೇರೆ.

ಮುಂದಿನ ವರ್ಷ ಗಣಿತಕ್ಕೂ ವಿಜ್ಞಾನಕ್ಕೂ ಮತ್ತೆ ಇಲ್ಲಿಗೇ ಕಳಿಸುತ್ತೇನೆ, ಸಮಾಜ ಮನೆಯಲ್ಲೇ ಓದಿಸುತ್ತೇನೆ. ಸೇರಿಸುವವರು ದುಡ್ಡು ಕಟ್ಟುವ ಮೊದಲು ಎರಡು ಕೇಳಿ: ಪೇಪರ್ ಯಾವ ಪುಸ್ತಕದ್ದು, ಮಾರ್ಕು ಗ್ರೂಪಿಗೆ ಹಾಕುತ್ತೀರಾ. ಎರಡನೆಯದಕ್ಕೆ ಹೌದು ಅಂದರೆ, ನಮ್ಮ ಮಗುವಿನ ಮಾರ್ಕ್ ನಮಗೆ ಮಾತ್ರ ಕಳಿಸಿ ಅಂತ ಅಲ್ಲೇ ಹೇಳಿಬಿಡಿ. ನಾನು ಈ ಸಲ ಹಾಗೆಯೇ ಹೇಳುವವಳು.