ಕೋಳಿಮರಿ ಹೊರಗೆ ಸಾಕುವ ಮೂರು ಬಗೆ: ತಾಯಿಕೋಳಿ, ಜರುಗಿಸುವ ಗೂಡು, ಕಾಯಂ ಆವರಣ

ಮರಿಗಳನ್ನು ಹೊರಗೆ ಬಿಡುವವರು ಮೊದಲು ನೋಡುವುದು ಆಕಾಶವನ್ನು. ಹದ್ದು ಎರಗೀತು, ಕಾಗೆ ಎತ್ತೀತು ಎಂದು ಮೇಲೊಂದು ಬಲೆ ಕಟ್ಟಿ ನಿರಾಳವಾಗುತ್ತಾರೆ. ಬಲೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರೂ ಬಗೆಯಲ್ಲಿ ಮರಿ ಬೆಳೆಸಿ ನೋಡಿದ ಮೇಲೆ ನಮಗೆ ಗಟ್ಟಿಯಾಗಿ ಅನಿಸಿರುವುದು, ಮರಿ ಉಳಿಯುವುದೋ ಸಾಯುವುದೋ ತೀರ್ಮಾನವಾಗುವುದು ನೆಲದ ಮಟ್ಟದಲ್ಲಿ. ಅಂಚಿನಡಿಯ ಎರಡು ಬೆರಳಿನಷ್ಟು ಸಂದು, ರಾತ್ರಿ ತೇವಗೊಂಡ ನೆಲ, ಒಂದೇ ಕಡೆ ವಾರಗಟ್ಟಲೆ ಬಿದ್ದ ಹಿಕ್ಕೆ. ಹಾಗಾಗಿ ಇಲ್ಲಿ ಮೂರು ಬಗೆಗಳನ್ನೂ ಈ ಮೂರು ತಕ್ಕಡಿಯಲ್ಲೇ ತೂಗಿದ್ದೇವೆ.

ಅದಕ್ಕೂ ಮೊದಲು ಶಾಖದ ಲೆಕ್ಕ ತಿಳಿದಿರಬೇಕು. ಹುಟ್ಟಿದ ಮೊದಲ ವಾರ ಮರಿಗೆ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ಜಾಗ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ 21ರ ಹತ್ತಿರ ತರಬೇಕು. ಮೈತುಂಬ ಗರಿ ಬರಲು 5-6 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಮೈಮೇಲಿರುವುದು ಬರೀ ತುಪ್ಪಳ. ಒಣಗಿದ್ದರೆ ಅದು ಶಾಖ ಹಿಡಿದಿಡುತ್ತದೆ, ನೆನೆದರೆ ಇಲ್ಲ. ನೆನೆದ ಮರಿ ಬೆಚ್ಚಗಿನ ಹಗಲಿನಲ್ಲೂ ಚಳಿಯಿಂದ ಸಾಯುವುದು ಇದೇ ಕಾರಣಕ್ಕೆ.

ತಾಯಿಕೋಳಿಯ ಜೊತೆ

ಕಾವಿಗೆ ಕೂತ ಹೇಂಟೆ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ. ಕರೆಂಟು ಬೇಡ, ಬೆಂಕಿಯ ಭಯವಿಲ್ಲ, ಥರ್ಮಾಮೀಟರ್ ನೋಡುತ್ತಾ ಕೂರಬೇಕಿಲ್ಲ. ಚಳಿಯಾದ ಮರಿ ತಾನೇ ಓಡಿಬಂದು ರೆಕ್ಕೆಯಡಿ ಸೇರುತ್ತದೆ. ಯಾವುದನ್ನು ಕುಕ್ಕಬೇಕು, ಯಾವ ನೆರಳು ಕಂಡರೆ ಅಡಗಬೇಕು ಎಂಬುದನ್ನು ಹೇಂಟೆಯೇ ಕಲಿಸುತ್ತದೆ. ಒಂದು ಹೇಂಟೆಯಡಿ 10-12 ಮರಿ ಸರಿಹೋಗುತ್ತವೆ. ಅದಕ್ಕಿಂತ ಹೆಚ್ಚಾದರೆ ಅಂಚಿನಲ್ಲಿರುವ ಮರಿಗಳಿಗೆ ಕಾವು ತಲುಪುವುದಿಲ್ಲ.

ಬೇರೆ ಕಡೆಯಿಂದ ತಂದ ಮರಿ ಸೇರಿಸುವುದಾದರೆ ಹೇಂಟೆ ಕನಿಷ್ಠ ಎರಡು ಮೂರು ವಾರ ಬಿಡದೆ ಕಾವು ಕೂತಿರಬೇಕು, ಮರಿ ಒಂದರಿಂದ ಮೂರು ದಿನದ್ದಾಗಿರಬೇಕು. ಕತ್ತಲಾದ ಮೇಲೆ, ದೀಪ ಹಚ್ಚದೆ, ಒಂದೊಂದನ್ನೇ ಹಿಂಬದಿಯಿಂದ ಹೊಟ್ಟೆಯಡಿ ಸರಿಸಿ, ಒಂದು ಮರಿ ಇಟ್ಟ ಹಾಗೆ ಒಂದು ಮೊಟ್ಟೆ ತೆಗೆಯಿರಿ. ಬೆಳಕು ಹರಿಯುವ ಹೊತ್ತಿಗೆ ನೀವು ಅಲ್ಲಿರಲೇಬೇಕು. ಒಪ್ಪದ ಹೇಂಟೆ ತಲೆಗೇ ಕುಕ್ಕುತ್ತದೆ. ಎರಡನೇ ಕುಕ್ಕು ಬೀಳುವ ಮೊದಲು ಮರಿಗಳನ್ನು ತೆಗೆದುಬಿಡಿ, ಮತ್ತೆ ಪ್ರಯತ್ನಿಸಬೇಡಿ.

ಈ ಬಗೆ ಸೋಲುವುದು ಹೇಂಟೆಯನ್ನು ಬಿಟ್ಟು ಮೇಯಿಸಿದಾಗ. ಅದು ತನ್ನ ಕಾಲಿನ ಅಳತೆಗೆ ನಡೆಯುತ್ತದೆ, ಮರಿಯ ಅಳತೆಗಲ್ಲ. ಮಂಜು ಬಿದ್ದ ಹುಲ್ಲಿನಲ್ಲಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಮರಿಯ ಹೊಟ್ಟೆ ನೆನೆದಿರುತ್ತದೆ. ಸೊರಗಿದ ಮರಿ ಹಿಂದೆ ಬೀಳುತ್ತದೆ, ಕಾಗೆ ಎತ್ತುವುದೂ ಆ ಕೊನೆಯದನ್ನೇ. ಇದಕ್ಕೆ ಚೆನ್ನಾಗಿ ಒದಗುವುದು ಪಟ್ಟಿಗಳ ಪೆಟ್ಟಿಗೆ. ಮುಂಭಾಗಕ್ಕೆ 5-6 ಸೆಂ.ಮೀ. ಸಂದು ಬಿಟ್ಟು ಮರದ ಪಟ್ಟಿಗಳನ್ನು ನೆಟ್ಟಗೆ ಹೊಡೆಯಿರಿ. ಹೇಂಟೆ ಒಳಗೇ ಉಳಿಯುತ್ತದೆ, ಮರಿಗಳು ಆ ಸಂದಿನಲ್ಲಿ ಹೊರಗೆ ಬಂದು ಹೋಗಿ ಮಾಡುತ್ತವೆ. ತಾಯಿಯ ಕೂಗು ಕೇಳಿಸುವಷ್ಟು ದೂರವಷ್ಟೇ ಹೋಗುತ್ತವೆ, ಅದು ಎಚ್ಚರಿಕೆಯ ದನಿ ಎತ್ತಿದ ಕೂಡಲೇ ಒಳಗೋಡುತ್ತವೆ. ಮೊದಲ ಹತ್ತು ದಿನ ಹೀಗಿಟ್ಟರೆ ಸಾಕು. ಆದರೆ ಪೆಟ್ಟಿಗೆಯ ಸುತ್ತ ಜಾಲರಿಯ ಆವರಣ ಇರಲೇಬೇಕು. ಹೇಂಟೆ ಕಾಗೆಯನ್ನು ಅಟ್ಟಬಲ್ಲದು, ರಾತ್ರಿ ಬರುವ ಹೆಗ್ಗಣವನ್ನು ತಡೆಯಲಾರದು.

ಇನ್ನು ಮೂರು ವಿಷಯ ಹಲವರ ಕಣ್ಣಿಗೆ ಬೀಳುವುದಿಲ್ಲ. ಮೊಟ್ಟೆಕೋಳಿಯ ಆಹಾರದಲ್ಲಿ ಸುಣ್ಣದಂಶ ಜಾಸ್ತಿ, ಅದು ಮರಿಯ ಮೂತ್ರಪಿಂಡ ಕೆಡಿಸುತ್ತದೆ. ಆದ್ದರಿಂದ ತಾಯಿಗೂ ಮರಿಗೂ 18-20 ಶೇಕಡ ಪ್ರೋಟೀನಿನ ಮರಿ ಆಹಾರವನ್ನೇ ಹಾಕಿ. ಹೇಂಟೆಗೆ ಚಿಪ್ಪಿನ ಚೂರನ್ನು ಮರಿಗೆ ಎಟುಕದ ಎತ್ತರದಲ್ಲಿ ಬೇರೆಯಾಗಿ ಇಡಿ. ಎರಡನೆಯದು ಹೇನು. ಕಾವಿನಲ್ಲಿರುವ ಹೇಂಟೆ ಮಣ್ಣಿನಲ್ಲಿ ಹೊರಳಾಡುವುದು ಕಡಿಮೆಯಾಗಿ ಮೈಯಲ್ಲಿ ಹೇನು ತುಂಬಿರುತ್ತದೆ. ಮರಿ ಒಡೆಯುವ ಮೊದಲೇ ಗುದದ ಸುತ್ತಲಿನ ಮತ್ತು ರೆಕ್ಕೆಯಡಿಯ ಗರಿ ಬಿಡಿಸಿ ನೋಡಿ, ಇದ್ದರೆ ಆಗಲೇ ಉಪಚಾರ ಮಾಡಿ. ಮೂರನೆಯದು, ಪೆಟ್ಟಿಗೆಯೊಳಗೆ ಅಡ್ಡಗೋಲು ಇಡಬೇಡಿ. ನಾಲ್ಕನೇ ವಾರದ ಹೊತ್ತಿಗೆ ಹೇಂಟೆಗೆ ಎತ್ತರ ಏರುವ ಚಪಲ ಬರುತ್ತದೆ, ಹಾರಲಾರದ ಮರಿಗಳು ಕೆಳಗೆ ಚಳಿಯಲ್ಲಿ ಉಳಿಯುತ್ತವೆ.

ಜರುಗಿಸುವ ಗೂಡು

ತಳವಿಲ್ಲದ ಜಾಲರಿ ಚೌಕಟ್ಟು, ಒಂದು ತುದಿಯಲ್ಲಿ ಮುಚ್ಚಿದ ಪೆಟ್ಟಿಗೆ, ದಿನಕ್ಕೊಮ್ಮೆ ಹೊಸ ಹುಲ್ಲಿಗೆ ಎಳೆಯುವುದು. 1.2 ಮೀಟರ್ ಅಗಲ, 2.4 ಮೀಟರ್ ಉದ್ದ, 60 ಸೆಂ.ಮೀ. ಎತ್ತರ ಇಟ್ಟರೆ ಇಬ್ಬರು ಎಳೆಯಬಹುದು, 20-25 ಮರಿ 6 ವಾರದವರೆಗೆ ಇಕ್ಕಟ್ಟಿಲ್ಲದೆ ಇರಬಹುದು.

ಇದರ ದೊಡ್ಡ ಗುಣ ನೆಲ ಬದಲಾಗುವುದು. ಮರಿಗಳನ್ನು 3ರಿಂದ 6 ವಾರದ ನಡುವೆ ಅತಿಯಾಗಿ ಕಾಡುವುದು ಕಾಕ್ಸಿಡಿಯೋಸಿಸ್, ಅಂದರೆ ರಕ್ತಭೇದಿ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಸೂಕ್ಷ್ಮ ಕೋಶಗಳು ಬಿದ್ದ ತಕ್ಷಣ ರೋಗ ಹರಡುವುದಿಲ್ಲ. ಬೆಚ್ಚನೆಯ ತೇವದಲ್ಲಿ ಒಂದೆರಡು ದಿನ ಕಳೆದ ಮೇಲೆಯೇ ಅವು ಸೋಂಕು ತರುವ ಹಂತಕ್ಕೆ ಬಲಿಯುತ್ತವೆ. ದಿನವೂ ಗೂಡು ಸರಿದರೆ, ಅವು ಬಲಿಯುವ ಹೊತ್ತಿಗೆ ಮರಿಗಳು ಅಲ್ಲಿರುವುದಿಲ್ಲ. ಎರಡು ದಿನಕ್ಕೊಮ್ಮೆ ಎಳೆದರಾಯಿತು ಎಂದು ಸಡಿಲ ಬಿಟ್ಟರೆ ಈ ಲಾಭವೇ ಹೋಗುತ್ತದೆ.

ದೊಡ್ಡ ದೋಷವೂ ನೆಲದಲ್ಲೇ ಇದೆ. ಅಂಗಳ ಎಷ್ಟೇ ಸಮತಟ್ಟು ಕಂಡರೂ ಚೌಕಟ್ಟು ಇಟ್ಟ ಮೇಲೆ ಎಲ್ಲೋ ಒಂದು ಕಡೆ ಸಂದು ಉಳಿಯುತ್ತದೆ. 3 ಸೆಂ.ಮೀ. ಸಂದು ಸಿಕ್ಕರೆ ಎಳೆಯ ಮರಿ ಹೊರಗೆ ನುಸುಳುತ್ತದೆ, ಹೆಗ್ಗಣ ಒಳಗೆ ನುಸುಳುತ್ತದೆ. ಹೊರಬಂದ ಮರಿಗೆ ಒಳಗೆ ಹೋಗುವ ದಾರಿ ಗೊತ್ತಾಗುವುದಿಲ್ಲ, ಜಾಲರಿಯ ಉದ್ದಕ್ಕೂ ಕೂಗುತ್ತಾ ಓಡುತ್ತದೆ, ಆ ಕೂಗು ಬೆಕ್ಕಿಗೆ ಕರೆ ಇದ್ದ ಹಾಗೆ. ತಳಕ್ಕೂ ಜಾಲರಿ ಹೊಡೆದುಬಿಡೋಣ ಎನಿಸುತ್ತದೆ. ಹೊಡೆದರೆ ಹುಲ್ಲು ಅಡಿಯಲ್ಲಿ ಚಪ್ಪಟೆಯಾಗುತ್ತದೆ, ಎಳೆಯುವಾಗ ಮರಿಯ ಬೆರಳು ಜಾಲರಿಯ ಕಣ್ಣಿನಲ್ಲಿ ಸಿಕ್ಕುತ್ತದೆ. ಅದರ ಬದಲು ನಾಲ್ಕೂ ಬದಿಗೆ 30 ಸೆಂ.ಮೀ. ಅಗಲದ ಜಾಲರಿ ಸೆರಗನ್ನು ಹೊರಮುಖವಾಗಿ ಮಡಚಿ ಬಿಡಿಸುವಂತೆ ಕಟ್ಟಿ. ಎಳೆಯುವಾಗ ಮೇಲಕ್ಕೆ ಮಡಚಿ, ಇಟ್ಟ ಮೇಲೆ ನೆಲಕ್ಕೆ ಹಾಸಿ ಇಟ್ಟಿಗೆ ಹೇರಿ. ಸಂದೂ ಮುಚ್ಚುತ್ತದೆ, ಕೆರೆಯುವ ಪ್ರಾಣಿಗೂ ತಡೆಯಾಗುತ್ತದೆ.

ಎಳೆಯುವಾಗ ಹಿಂದಿನ ಹಲಗೆಯಡಿ ಕಾಲು ಸಿಕ್ಕಿ ಮುರಿಯುವುದು ಈ ಗೂಡಿನಲ್ಲಿ ಪದೇ ಪದೇ ಆಗುವ ಅನಾಹುತ. ಮೆಲ್ಲಗೆ ಎಳೆದರೂ ಅದು ತಪ್ಪುವುದಿಲ್ಲ, ಏಕೆಂದರೆ ಮರಿಗಳು ಹಿಂದಿನ ಮೂಲೆಯಲ್ಲೇ ಗುಂಪಾಗುತ್ತವೆ. ತಪ್ಪುವುದು ಒಂದೇ ದಾರಿಯಲ್ಲಿ: ಮರಿಗಳನ್ನೆಲ್ಲ ಮೊದಲು ತಳವಿರುವ ಪೆಟ್ಟಿಗೆಗೆ ಸೇರಿಸಿ ಬಾಗಿಲು ಹಾಕಿ, ಆಮೇಲೆ ಪೆಟ್ಟಿಗೆ ಸಮೇತ ಎಳೆಯಿರಿ. ಹುಲ್ಲಿನ ಮಂಜು ಆರಿದ ಮೇಲೆ ಬಾಗಿಲು ತೆಗೆಯಿರಿ. ಹುಲ್ಲು 5-8 ಸೆಂ.ಮೀ.ಗಿಂತ ಎತ್ತರ ಇರಬಾರದು.

ಮಳೆಗೆಂದು ಇಡೀ ಗೂಡಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸುವುದು ಬಹಳ ಅಪಾಯ. ಬಿಸಿಲು ಬಿದ್ದ ಅರ್ಧ ಗಂಟೆಯಲ್ಲೇ ಒಳಗೆ ಧಗೆ ತುಂಬಬಹುದು, ಮರಿಗೆ ಓಡಿಹೋಗಲು ಜಾಗವಿರುವುದಿಲ್ಲ. ಮೂರನೇ ಒಂದು ಭಾಗಕ್ಕೆ ಬೆಳಕು ತೂರದ ಚಾವಣಿ, ಉಳಿದದ್ದಕ್ಕೆ ಬರೀ ಜಾಲರಿ. ನೆರಳು ಯಾವ ಹೊತ್ತಿನಲ್ಲೂ ಗೂಡಿನೊಳಗೇ ಬೀಳುತ್ತಿದೆಯೇ ಎಂದು ಮಧ್ಯಾಹ್ನ ಒಮ್ಮೆ ನೋಡಿ.

ಮೂರು ವಾರಕ್ಕಿಂತ ಎಳೆಯ ಮರಿಗೆ ಈ ಗೂಡನ್ನು ನಾವು ಒಪ್ಪುವುದಿಲ್ಲ. ಎರಡನೇ ವಾರದ ಕೊನೆಯಲ್ಲಿ ಗಾಳಿಯಿಲ್ಲದ ಬೆಚ್ಚಗಿನ ದಿನ ಅರ್ಧ ಗಂಟೆ ಬಿಟ್ಟು ತೆಗೆದುಕೊಳ್ಳಬಹುದು, ಅಷ್ಟೇ. ಗೂಡಿನ ಬದಲು ವಿದ್ಯುತ್ ಬೇಲಿಯ ಬಲೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಎಳೆ ಮರಿ ಅದರ ಕಣ್ಣುಗಳಲ್ಲಿ ಸಲೀಸಾಗಿ ನಡೆದುಹೋಗುತ್ತದೆ, ಈ ವಯಸ್ಸಿಗೆ ಅದು ಹೋಲಿಕೆಗೇ ಬರುವುದಿಲ್ಲ.

ಕಾಯಂ ಆವರಣ

ರಾತ್ರಿಯ ಕಾವಲಿಗೆ ಇದಕ್ಕೆ ಸರಿಸಾಟಿ ಇಲ್ಲ, ಸರಿಯಾದ ಜಾಲರಿ ಹಾಕಿದ್ದರೆ ಮಾತ್ರ. ಆರು ಮೂಲೆಯ ಕಣ್ಣಿನ ಕೋಳಿ ಜಾಲರಿ ಕೋಳಿ ಹೊರಹೋಗದಂತೆ ತಡೆಯಲು ಮಾಡಿದ್ದು, ಬೇರೆ ಪ್ರಾಣಿ ಒಳಬರದಂತೆ ತಡೆಯಲು ಅಲ್ಲ. 25 ಮಿ.ಮೀ. ಕಣ್ಣಿನಲ್ಲಿ ಮೊದಲ ವಾರದ ಮರಿ ತೂರುತ್ತದೆ, ಇಲಿ ತೂರುತ್ತದೆ, ತೆಳು ತಂತಿಯನ್ನು ನಾಯಿ ಹರಿದುಹಾಕುತ್ತದೆ. 12 ಮಿ.ಮೀ. ಕಣ್ಣಿನ ವೆಲ್ಡ್ ಮೆಶ್ ಬೆಳೆದ ಹೆಗ್ಗಣ, ಮುಂಗುಸಿ, ಬೆಕ್ಕು ಎಲ್ಲವನ್ನೂ ನಿಲ್ಲಿಸುತ್ತದೆ. ಇಲಿಮರಿ, ಸಣ್ಣ ಹಾವು ಅದರಲ್ಲೂ ನುಸುಳಬಹುದು. ಹಾಗಾಗಿ ನೆಲದಿಂದ 60 ಸೆಂ.ಮೀ.ವರೆಗೆ 6 ಮಿ.ಮೀ., ಅದರ ಮೇಲೆ ಚಾವಣಿಯೂ ಸೇರಿದಂತೆ 12 ಮಿ.ಮೀ. ಹಾಕುವುದು ನಮ್ಮ ಆಯ್ಕೆ. ಜಾಲರಿಯನ್ನು ಬರೀ ಸ್ಟೇಪಲ್ ಪಿನ್ನಿನಲ್ಲಿ ಹೊಡೆದರೆ ತಳ್ಳಿದಾಗ ಕಿತ್ತುಬರುತ್ತದೆ. ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ.

ಅಂಚಿನಡಿಗೆ ಎರಡು ದಾರಿ: 30 ಸೆಂ.ಮೀ. ಆಳಕ್ಕೆ ಜಾಲರಿ ಹೂಳುವುದು, ಇಲ್ಲವೇ 45-60 ಸೆಂ.ಮೀ. ಅಗಲದ ಸೆರಗನ್ನು ಹೊರಗೆ ಹಾಸಿ ಮಣ್ಣು ಮುಚ್ಚುವುದು. ನಾವು ಎರಡನೆಯದರ ಪರ. ತೋಡುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಕೆರೆಯುತ್ತದೆ, ಅಲ್ಲಿ ಉಗುರಿಗೆ ತಂತಿ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದಿಲ್ಲ. ಕಂದಕ ತೋಡುವ ದುಡಿಮೆಯೂ ಉಳಿಯುತ್ತದೆ.

ಸೋಲುವುದು ಮತ್ತೆ ನೆಲದಲ್ಲಿ. ಹುಲ್ಲು ಎರಡೇ ವಾರದಲ್ಲಿ ಮಾಯ, ಹಿಕ್ಕೆ ಅಲ್ಲೇ, ನೀರಿನ ಪಾತ್ರೆಯ ಸುತ್ತ ಕೆಸರು. ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಂತ ಮರಿ ಕಂಡರೆ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಪಶುವೈದ್ಯರನ್ನು ಕೇಳಿ. ನೀರಿನಲ್ಲಿ ಕೊಡುವ ಆಂಪ್ರೋಲಿಯಂ ಸಾಮಾನ್ಯವಾಗಿ ಬಳಸುವ ಔಷಧಿ, ತಡವಾದರೆ ಅದೂ ನಾಟುವುದಿಲ್ಲ. ಈ ಕೋಶಗಳು ಮಾಮೂಲಿ ಸೋಂಕುನಿವಾರಕಗಳಿಗೆ ಜಗ್ಗುವುದಿಲ್ಲ. ಅವನ್ನು ಬಗ್ಗಿಸುವುದು ಒಣಗುವಿಕೆ ಮತ್ತು ಬಿಸಿ. ಆದ್ದರಿಂದ ಆವರಣವನ್ನು ನಡುವೆ ಅಡ್ಡಗಟ್ಟಿ ಎರಡು ಮಾಡಿ, ಒಂದರಲ್ಲಿ ಮರಿ ಇದ್ದಾಗ ಇನ್ನೊಂದು ಬಿಸಿಲಿಗೆ ಒಣಗಲಿ. ಒಳಗೆ 5-8 ಸೆಂ.ಮೀ. ಒಣ ಹೊಟ್ಟು ಹಾಸಿ, ಒದ್ದೆಯಾದ ಭಾಗವನ್ನು ದಿನವೂ ಕೆರೆದು ತೆಗೆಯಿರಿ. ನೀರಿನ ಪಾತ್ರೆಯನ್ನು ಇಟ್ಟಿಗೆಯ ಮೇಲಿಟ್ಟ ಜಾಲರಿ ಚೌಕಟ್ಟಿನ ಮೇಲೆ ಕೂರಿಸಿ, ಚೆಲ್ಲಿದ್ದು ಕಣ್ಣಿನ ಮೂಲಕ ಕೆಳಗಿಳಿಯುತ್ತದೆ, ಮರಿ ಅದನ್ನು ತುಳಿಯುವುದಿಲ್ಲ. ತಟ್ಟೆಯಲ್ಲಿ ನೀರಿಡುವುದಾದರೆ ಗೋಲಿ ಅಥವಾ ಬೆಣಚುಕಲ್ಲು ತುಂಬಿ.

ಬಲ್ಬೋ, ಹಲಗೆಯೋ

ಹೇಂಟೆಯಿಲ್ಲದ ಎರಡೂ ಬಗೆಗೆ ಶಾಖ ನಾವೇ ಕೊಡಬೇಕು. 250 ವ್ಯಾಟ್ ಬಲ್ಬು ಹೊರಗಿನ ಬಳಕೆಗೆ ನಮಗೆ ಹಿಡಿಸುವುದಿಲ್ಲ. ಕಾದ ಗಾಜಿಗೆ ಒಂದು ಮಳೆಹನಿ ತಾಗಿದರೆ ಒಡೆಯಬಹುದು, ಕೆಳಗೆ ಬಿದ್ದರೆ ಹೊಟ್ಟಿಗೆ ಬೆಂಕಿ. ಬಳಸಲೇಬೇಕಾದರೆ ವೈರಿನಲ್ಲಿ ನೇತುಹಾಕದೆ ಸರಪಳಿಯಲ್ಲಿ ಎರಡು ಕಡೆ ಕಟ್ಟಿ. ಕಾವಿನ ಹಲಗೆ ಎಂದರೆ ಗಿಡ್ಡ ಕಾಲುಗಳ ಮೇಲೆ ನಿಲ್ಲುವ, ವಿದ್ಯುತ್ತಿನಿಂದ ಬೆಚ್ಚಗಾಗುವ ತಟ್ಟೆ. ಅದು ಕಡಿಮೆ ವಿದ್ಯುತ್ತಿನದು, ಮರಿಗಳು ರೆಕ್ಕೆಯಡಿ ಸೇರುವಂತೆ ಅದರಡಿ ಸೇರುತ್ತವೆ, ರಾತ್ರಿ ಕತ್ತಲಿರುವುದರಿಂದ ನಿದ್ದೆಯೂ ಚೆನ್ನ. ಆದರೆ ಸುತ್ತಲಿನ ಗಾಳಿ 10 ಡಿಗ್ರಿಗಿಂತ ಕೆಳಗಿಳಿದರೆ ಸಾಲದು, ಹಾಗಾಗಿ ಅದನ್ನು ಮುಚ್ಚಿದ ಪೆಟ್ಟಿಗೆಯೊಳಗೇ ಇಡಿ. ಮರಿಗಳು ಒತ್ತೊತ್ತಾಗಿ ಗುಡ್ಡೆಬಿದ್ದರೆ ಚಳಿ, ರೆಕ್ಕೆ ಅಗಲಿಸಿ ಬಾಯಿ ತೆರೆದರೆ ಸೆಕೆ. ಕರೆಂಟು ಹೋದ ರಾತ್ರಿ ಎರಡೂ ಸೋಲುತ್ತವೆ, ಹೇಂಟೆ ಸೋಲುವುದಿಲ್ಲ.

ಯಾರಿಗೆ ಯಾವುದು

ಹತ್ತು ಹನ್ನೆರಡು ಮರಿ, ಕೈಯಲ್ಲೊಂದು ಕಾವಿನ ಹೇಂಟೆ ಇದ್ದರೆ ಬೇರೆ ಯೋಚನೆಯೇ ಬೇಡ: ಕಾಯಂ ಆವರಣದೊಳಗೆ ಪಟ್ಟಿಗಳ ಪೆಟ್ಟಿಗೆ, ಅದರಲ್ಲಿ ಹೇಂಟೆ. ಇಪ್ಪತ್ತರ ಮೇಲಿದ್ದು ಹುಲ್ಲಿನ ಸಮತಟ್ಟು ಜಾಗವಿದ್ದರೆ ಮೂರು ವಾರ ಒಳಗೆ ಹಲಗೆಯಡಿ ಬೆಳೆಸಿ, ಆಮೇಲೆ ಹಗಲು ಜರುಗಿಸುವ ಗೂಡು, ಆರು ವಾರ ತುಂಬುವವರೆಗೆ ರಾತ್ರಿ ಹಲಗೆ ಇಟ್ಟ ತಳವಿರುವ ಪೆಟ್ಟಿಗೆ. ಮುಂಗುಸಿ, ನಾಯಿಗಳ ಕಾಟ ವಿಪರೀತವಾಗಿರುವಲ್ಲಿ, ನೆಲ ಏರುತಗ್ಗಾಗಿರುವಲ್ಲಿ ಎರಡು ಭಾಗದ ಕಾಯಂ ಆವರಣವೇ ಸರಿ, ನೆಲ ಒಣಗಿಸುವ ದಿನದ ದುಡಿಮೆಗೆ ತಯಾರಿರಬೇಕು. ಒಂದೇ ಆವರಣದಲ್ಲಿ ಮರಿಯಿರುವ ಎರಡು ಹೇಂಟೆಗಳನ್ನು ಕೂಡಬೇಡಿ, ಒಂದು ಇನ್ನೊಂದರ ಮರಿಯನ್ನು ಕುಕ್ಕಿ ಕೊಲ್ಲಬಹುದು.

ಹೇಂಟೆಯಿಲ್ಲದೆ ಸಾಕುವಾಗ ಮೊದಲ ನಾಲ್ಕೈದು ಸಂಜೆ ಮರಿಗಳು ತಾವಾಗಿ ಪೆಟ್ಟಿಗೆ ಸೇರುವುದಿಲ್ಲ. ಆವರಣದ ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಅಡಿಯವು ಉಸಿರುಕಟ್ಟುತ್ತವೆ. ಮೂಲೆಗಳಿಗೆ ಅಡ್ಡ ಹಲಗೆ ಇಟ್ಟು ದುಂಡಗಾಗಿಸಿ. ಹೊರಗೆ ಮಬ್ಬಾಗುತ್ತಿದ್ದಂತೆ ಪೆಟ್ಟಿಗೆಯೊಳಗೆ ಸಣ್ಣದೊಂದು ದೀಪ ಹದಿನೈದು ನಿಮಿಷ ಹಚ್ಚಿಡಿ, ಹೆಚ್ಚಿನವು ಬೆಳಕಿನತ್ತ ಹೋಗುತ್ತವೆ, ಉಳಿದವನ್ನು ಕೈಯಲ್ಲಿ ಎತ್ತಿ ಸೇರಿಸಿ. ಎಣಿಸಿ, ದೀಪ ತೆಗೆದು, ಅಗುಳಿ ಹಾಕಿ.