ಹಜಾರದ ಮೂಲೆಗೆ ಯಾವ ಗಿಡ: ಸ್ನೇಕ್ ಪ್ಲಾಂಟ್, ರಬ್ಬರ್ ಗಿಡ, ಅರೆಕಾ ಪಾಮ್

ಹಜಾರದಲ್ಲಿ ನೆಟ್ಟಗೆ ಬೆಳೆಯುವ ಒಂದೇ ಗಿಡವನ್ನು ಇಡುವುದಾದರೆ ಈ ಮೂರರಲ್ಲಿ ಯಾವುದು ಎಂದು ಕೇಳಿದ್ದೀರಿ. ಬೆಲೆಗಿಂತ ಮೊದಲು ಆ ಮೂಲೆಗೆ ಬೀಳುವ ಬೆಳಕನ್ನು ನೋಡಿ. ಕಿಟಕಿಯಿಂದ ದೂರದ ಮಬ್ಬು ಮೂಲೆಯನ್ನು ತಾಳಿಕೊಳ್ಳುವುದು ಪಶ್ಚಿಮ ಆಫ್ರಿಕಾ ಮೂಲದ ಸ್ನೇಕ್ ಪ್ಲಾಂಟ್ ಮಾತ್ರ. ಮಡಗಾಸ್ಕರ್‌ನ ಅರೆಕಾಕ್ಕೂ, ಮೇಘಾಲಯದ ಜೀವಂತ ಬೇರುಸೇತುವೆಗಳಿಗೆ ಬೇರು ಕೊಟ್ಟಿರುವ ನಮ್ಮ ರಬ್ಬರ್ ಗಿಡಕ್ಕೂ ಧಾರಾಳವಾದ ಬೆಳಕು ಬೇಕು, ಆದರೆ ಮಧ್ಯಾಹ್ನದ ನೇರ ಬಿಸಿಲು ಬೇಡ.

ಮನೆಯೊಳಗಿನ ಗಿಡಗಳು ಹೆಚ್ಚಾಗಿ ಸಾಯುವುದು ಅತಿಯಾದ ನೀರಿನಿಂದ. ಮಣ್ಣು ಪೂರ್ತಿ ಒಣಗಿದ ಮೇಲಷ್ಟೇ ಸ್ನೇಕ್ ಪ್ಲಾಂಟಿಗೆ ನೀರೆರೆಯಬೇಕು, ಇಲ್ಲವಾದರೆ ಮಳೆಗಾಲದಲ್ಲಿ ಬುಡವೇ ಕೊಳೆಯುತ್ತದೆ. ರಬ್ಬರ್ ಗಿಡಕ್ಕೆ ಮೇಲ್ಮಣ್ಣು ಒಂದೆರಡು ಅಂಗುಲ ಒಣಗಿದರೆ ಸಾಕು. ಅರೆಕಾ ಸದಾ ತುಸು ತೇವವನ್ನು ಬಯಸುತ್ತದೆ, ಮೇಲಾಗಿ ಲವಣ ಹೆಚ್ಚಿರುವ ಕೊಳವೆಬಾವಿಯ ನೀರನ್ನೇ ಸತತವಾಗಿ ಎರೆದರೆ ಅದರ ಗರಿಗಳ ತುದಿ ಕಂದಾಗುವುದರಿಂದ, ಸಾಧ್ಯವಾದಾಗಲೆಲ್ಲ ಮಳೆನೀರನ್ನು ಹಿಡಿದಿಟ್ಟುಕೊಳ್ಳಿ.

ಮನೆಯಲ್ಲಿ ಬೆಕ್ಕು, ನಾಯಿ ಇದ್ದರೆ ನಾನು ಅರೆಕಾವನ್ನೇ ಹೇಳುತ್ತೇನೆ, ಏಕೆಂದರೆ ಉಳಿದೆರಡರ ಎಲೆ ತಿಂದರೆ ಅವುಗಳ ಹೊಟ್ಟೆ ಕೆಡುತ್ತದೆ. ಆದರೆ ಅರೆಕಾ ಅಗಲಕ್ಕೆ ಹರಡುತ್ತದೆ. ಸೋಫಾದ ಪಕ್ಕದ ಇಕ್ಕಟ್ಟಿಗೆ ಸ್ನೇಕ್ ಪ್ಲಾಂಟ್ ಹೊಂದುತ್ತದೆ. ಬಿಳಿ ಗೋಡೆಯ ಮುಂದೆ ಒಂಟಿಯಾಗಿ ನಿಂತು ಕಣ್ಣು ಸೆಳೆಯಬೇಕೆಂದಿದ್ದರೆ, ವಾರಕ್ಕೊಮ್ಮೆ ಎಲೆಗಳ ಧೂಳು ಒರೆಸುವ ವ್ಯವಧಾನ ನಿಮಗಿದ್ದರೆ, ರಬ್ಬರ್ ಗಿಡವನ್ನು ತನ್ನಿ. ಅದರ ತುದಿಯನ್ನು ಕತ್ತರಿಸಿದರೆ ಕವಲೊಡೆಯುತ್ತದೆ, ಆಗ ಒಸರುವ ಹಾಲು ಕೈಗೆ ತಾಗದಂತೆ ಎಚ್ಚರವಹಿಸಿ.